ತಂತಿ ನುಡಿಸುವವರು, ತಂತಿ ಕಲಿಸುವವರು: ಹುರುಪು ಎಲ್ಲಿಂದ, ಸ್ವಂತ ದನಿ ಎಲ್ಲಿಂದ?

ವೀಣೆ, ಪಿಟೀಲು, ಸಿತಾರ್, ಸರೋದ್‌ಗಳನ್ನು ಗಂಭೀರವಾಗಿ ಕಲಿತವರು ಒಂದಲ್ಲ ಒಂದು ದಿನ ಪಾಠ ಹೇಳಲು ಕೂರುತ್ತಾರೆ. ಬರೀ ಕಛೇರಿ ನೆಚ್ಚಿಕೊಂಡು ಸಂಸಾರ ತೂಗಿಸುವ ವಾದ್ಯಗಾರರು ನಮ್ಮಲ್ಲಿ ಬಹಳ ಕಡಿಮೆ. ಬೆಳಗ್ಗೆ ತನ್ನ ಸಾಧನೆ, ಸಂಜೆ ಮಕ್ಕಳ ಸರಳೆ ವರಸೆ, ನಡುವೆ ಯಾವುದೋ ಊರಿಂದ ಪಕ್ಕವಾದ್ಯದ ಕರೆ. ಹೀಗೆ ವರ್ಷಗಳು ಸರಿಯುವಾಗ ಎರಡು ಪ್ರಶ್ನೆಗಳು ಕಾಡುತ್ತವೆ. ದಿನವೂ ವಾದ್ಯ ಮುಟ್ಟುವ ಹುರುಪನ್ನು ಉಳಿಸಿಕೊಳ್ಳುವುದು ಹೇಗೆ? ಗುರುವಿನಿಂದ ಬಂದ ಪಾಠಾಂತರದ ನಡುವೆ ತನ್ನದು ಎನ್ನುವ ದನಿ ಮೂಡುವುದು ಹೇಗೆ?

ಸಾಮಾನ್ಯವಾಗಿ ಈ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ. ಹುರುಪು ಮನಸ್ಸಿಗೆ ಸಂಬಂಧಿಸಿದ್ದು, ಸ್ವಂತಿಕೆ ಪ್ರತಿಭೆಗೆ ಸಂಬಂಧಿಸಿದ್ದು ಎನ್ನುತ್ತೇವೆ. ಕರ್ನಾಟಕದ ತಂತಿವಾದ್ಯದ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಎರಡಕ್ಕೂ ಬೇರು ಒಂದೇ ಎನಿಸುತ್ತದೆ: ತನ್ನ ಬೆರಳಿನಿಂದ ಹೊರಟ ನಾದವನ್ನು ತಾನೇ ಕಿವಿಗೊಟ್ಟು ಕೇಳುವ ಅಭ್ಯಾಸ. ಅದನ್ನು ಜೀವಂತವಾಗಿಡುವ ಜಾಗಗಳಲ್ಲಿ ಪಾಠದ ಕೋಣೆಯೂ ಒಂದು.

ತಂತಿ ಬೇಡುವುದು ಏನನ್ನು

ವೀಣೆಯ ತಂತಿಯನ್ನು ಮೀಟಿದ ಕ್ಷಣದಿಂದಲೇ ನಾದ ಇಳಿಯತೊಡಗುತ್ತದೆ. ಅದು ಪೂರ್ತಿ ಅಡಗುವ ಮೊದಲು ಎಡಗೈ ತನ್ನ ಕೆಲಸ ಮುಗಿಸಬೇಕು. ವೀಣೆಯಲ್ಲಿ 24 ಮೆಟ್ಟಿಲುಗಳು, ನುಡಿಸಲು ನಾಲ್ಕು ತಂತಿ, ತಾಳ ಮತ್ತು ಶ್ರುತಿಗೆ ಮೂರು ತಂತಿ. ಕಪ್ಪು ಮೇಣದಲ್ಲಿ ಕೂರಿಸಿದ ಲೋಹದ ಮೆಟ್ಟಿಲ ಮೇಲೆ ತಂತಿಯನ್ನು ಒತ್ತಿ ಹಿಡಿದು ಪಕ್ಕಕ್ಕೆ ಎಳೆದರೆ ಅದೇ ಜಾಗದಲ್ಲಿ ಮೇಲಿನ ಮೂರು ಸ್ವರಗಳವರೆಗೂ ಹೋಗಬಹುದು. ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ಬೆರಳಿಟ್ಟು ಸುಮ್ಮನೆ ಮೀಟಿದರೆ ಗಾಂಧಾರ ಕೇಳುತ್ತದೆ, ತೋಡಿ ಕೇಳುವುದಿಲ್ಲ. ತಂತಿಯನ್ನು ಎಳೆದು, ಸಡಿಲಿಸಿ, ಮತ್ತೆ ಎಳೆದು ಆ ಸ್ವರವನ್ನು ತೂಗಬೇಕು. ಎಷ್ಟು ಎಳೆಯಬೇಕು, ಯಾವ ವೇಗದಲ್ಲಿ ಬಿಡಬೇಕು, ಇಳಿಯುತ್ತಿರುವ ನಾದದ ಯಾವ ಘಟ್ಟದಲ್ಲಿ ನಿಲ್ಲಬೇಕು ಎಂಬುದು ಸ್ವರಲಿಪಿಯಲ್ಲಿ ಇರುವುದಿಲ್ಲ. ಪುಸ್ತಕದಲ್ಲಿ ಇರುವುದು ‘ಗ’ ಎಂಬ ಒಂದು ಅಕ್ಷರ ಮಾತ್ರ. ಇಬ್ಬರು ವೈಣಿಕರು ಒಂದೇ ವರ್ಣವನ್ನು ಒಂದೇ ಕಾಲದಲ್ಲಿ ನುಡಿಸಿದರೂ ಎರಡು ಬೇರೆ ಮನಸ್ಸುಗಳ ಮಾತಿನಂತೆ ಕೇಳುವುದು ಈ ಅಕ್ಷರದೊಳಗಿನ ಅವಕಾಶದಿಂದಲೇ.

ಪಿಟೀಲಿನ ಕಷ್ಟ ಇದಕ್ಕೆ ತಿರುಗುಮುರುಗು. ಕಮಾನು ಎಳೆಯುವಷ್ಟು ಹೊತ್ತೂ ನಾದ ನಿಲ್ಲುತ್ತದೆ, ಆದ್ದರಿಂದ ಪ್ರತಿ ತಪ್ಪೂ ನಿಂತು ಕೇಳುತ್ತದೆ. ಮೆಟ್ಟಿಲುಗಳಿಲ್ಲ, ಬೆರಳು ಕೂದಲೆಳೆಯಷ್ಟು ಸರಿದರೂ ಶ್ರುತಿ ಹೋಯಿತು. ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವಾದ್ಯದ ಸುರುಳಿ ತಲೆಯನ್ನು ಬಲಪಾದದ ಗಿಣ್ಣಿನ ಮೇಲೆ ಇಡುತ್ತಾರೆ. ಪಿಟೀಲನ್ನು ಹಿಡಿದು ನಿಲ್ಲಿಸುವ ಹೊಣೆಯಿಂದ ಎಡಗೈಗೆ ಬಿಡುಗಡೆ ಸಿಗುವುದರಿಂದ ಅದು ಜಾರಲು, ತೂಗಲು ಸ್ವತಂತ್ರವಾಗುತ್ತದೆ. ಪಾಶ್ಚಾತ್ಯರ ಶ್ರುತಿಯನ್ನು ಬಿಟ್ಟು ಸ-ಪ-ಸ-ಪ ಎಂದು ಕೂಡಿಸುವುದೂ ಈ ಸಂಗೀತದ ಅಗತ್ಯಕ್ಕೆ ತಕ್ಕಂತೆಯೇ. ಪರದೇಶದ ವಾದ್ಯವೊಂದು ಇಷ್ಟು ಪೂರ್ತಿಯಾಗಿ ನಮ್ಮದಾಗಲು ಅದನ್ನು ಹಿಡಿಯುವ ರೀತಿಯನ್ನೇ ಬದಲಿಸಬೇಕಾಯಿತು.

ಸರೋದ್‌ನದು ಮೂರನೆಯ ಬಗೆ. ಬೆರಳ ಕೆಳಗೆ ನುಣುಪಾದ ಉಕ್ಕಿನ ಹಲಗೆ, ಮೆಟ್ಟಿಲಿಲ್ಲ. ಅಲ್ಲಾವುದ್ದೀನ್ ಖಾನರ ಮೈಹರ್ ಪದ್ಧತಿಯಲ್ಲಿ ತಂತಿಯನ್ನು ಎಡಗೈ ಉಗುರಿನ ಅಂಚಿನಿಂದ ಒತ್ತಿ ಜಾರಿಸುತ್ತಾರೆ. ಬಲಗೈಯಲ್ಲಿ ಮೀಟಲು ತೆಂಗಿನ ಚಿಪ್ಪಿನಿಂದ ಮಾಡಿದ ‘ಜವ’. ಉಗುರಿನಲ್ಲಿ ತಂತಿಯ ಗೆರೆ ಕೊರೆಯುತ್ತದೆ, ಅದನ್ನು ಆಗಾಗ ಅರದಿಂದ ಉಜ್ಜಿ ಸರಿ ಮಾಡಿಕೊಳ್ಳಬೇಕು.

ದೇಹದ ಈ ಸಂಗತಿಗಳನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಹೊಸದಾಗಿ ವೀಣೆ ಹಿಡಿದ ಮಗುವಿನ ತೋರುಬೆರಳು, ನಡುಬೆರಳ ತುದಿಯಲ್ಲಿ ಮೊದಲ ವಾರಗಳಲ್ಲೇ ಕಪ್ಪು ಗೆರೆ ಬೀಳುತ್ತದೆ, ಉರಿಯುತ್ತದೆ. ಬಟ್ಟಲಲ್ಲಿ ಒಂದಿಷ್ಟು ಎಣ್ಣೆ ಇಟ್ಟುಕೊಂಡು ಬೆರಳಿಗೆ ಸವರಿಕೊಳ್ಳುತ್ತಾ ನುಡಿಸುವುದು ವಾಡಿಕೆ. ಚರ್ಮ ಗಟ್ಟಿಯಾದ ಮೇಲೆ ನೋವು ಹೋಗುತ್ತದೆ. ಆ ನೋವಿನ ತಿಂಗಳುಗಳನ್ನು ದಾಟಿಸುವುದು ಉಪದೇಶದಿಂದ ಆಗುವ ಕೆಲಸವಲ್ಲ. ಆ ಹೊತ್ತಿಗೆ ಮಗುವಿನ ಕಿವಿಗೆ ಒಂದಾದರೂ ಇಂಪಾದ ಸ್ವರ ತನ್ನ ಕೈಯಿಂದಲೇ ಬಂದದ್ದು ಕೇಳಿರಬೇಕು. ತಂತಿವಾದ್ಯದಲ್ಲಿ ಹುರುಪಿನ ಮೊದಲ ಕಿಡಿ ಹೊತ್ತುವುದು ಅಲ್ಲಿ.

ಮೈಸೂರಿನ ವೀಣೆ: ಒಂದೇ ಪಾಠ, ಬೇರೆ ಬೇರೆ ದನಿ

ವೀಣೆ ಶೇಷಣ್ಣನವರು (1852–1926) ಆಸ್ಥಾನ ವೈಣಿಕರ ಮನೆಯಲ್ಲಿ ಹುಟ್ಟಿದವರು. ತಂದೆ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಇದ್ದವರು. ಹತ್ತು ವರ್ಷದ ಆಸುಪಾಸಿನಲ್ಲಿ, ಶಿವರಾತ್ರಿಯ ರಾತ್ರಿ ಅರಮನೆಯಲ್ಲಿ ಹೊರಗಿನ ವಿದ್ವಾಂಸರೊಬ್ಬರು ಸವಾಲಾಗಿ ಇಟ್ಟ ಪಲ್ಲವಿಯನ್ನು ಹುಡುಗ ಶೇಷಣ್ಣ ಎತ್ತಿಕೊಂಡು ಒಪ್ಪಿಸಿದ ಪ್ರಸಂಗವನ್ನು ಮೈಸೂರಿನ ಸಂಗೀತಗಾರರು ಇಂದಿಗೂ ಹೇಳುತ್ತಾರೆ. ತಂದೆಯ ನಂತರ ದೊಡ್ಡ ಶೇಷಣ್ಣನವರ ಬಳಿ ವೀಣೆ, ಮೈಸೂರು ಸದಾಶಿವರಾಯರ ಬಳಿ ಹಾಡುಗಾರಿಕೆ ಕಲಿತರು. ಪಿಟೀಲು, ಸ್ವರಬತ್, ಪಿಯಾನೊ ಕೂಡ ನುಡಿಸುತ್ತಿದ್ದರು. ಸ್ವರಜತಿ, ವರ್ಣ, ತಿಲ್ಲಾನಗಳನ್ನು ರಚಿಸಿದರು. ಅವರ ತಾನದ ಖ್ಯಾತಿ ಮೈಸೂರಿನ ಆಚೆಗೂ ಹಬ್ಬಿತ್ತು. ಮೈಸೂರು ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಕೃತಿಯಲ್ಲಿ ತಮ್ಮ ಕಾಲದ ಇಂಥ ದೊಡ್ಡವರನ್ನು ಪ್ರೀತಿಯಿಂದ ಚಿತ್ರಿಸಿದ್ದಾರೆ. ಆ ಕಾಲದ ಸಂಗೀತದ ವಾತಾವರಣ ತಿಳಿಯಬೇಕೆನ್ನುವವರು ಅದನ್ನು ಓದಲೇಬೇಕು.

ಮೈಸೂರು ಬಾನಿ ಎಂದು ನಾವು ಕರೆಯುವ ಶೈಲಿಯ ಗುರುತುಗಳು ಕೆಲವು ಇವೆ: ಸ್ವಚ್ಛವಾದ ಮೀಟು, ಎಡಗೈಯ ತೋರುಬೆರಳು ಮತ್ತು ನಡುಬೆರಳನ್ನು ಬಿಡಿಸಿ ಬಳಸುವುದು, ಹಾಡುಗಾರಿಕೆಯ ನೆರಳಾಗಿ ಹಿಂದೆ ಹೋಗದೆ ವೀಣೆಯ ವಾದ್ಯಗುಣವನ್ನೇ ಮುಂದಿಡುವುದು. ತಂಜಾವೂರಿನ ವೈಣಿಕರಲ್ಲಿ ಉದ್ದನೆಯ ಎಳೆತ, ಹಾಡುಗಾರಿಕೆಯತ್ತ ಒಲವು ಹೆಚ್ಚು. ಹಾಗೆಂದು ಬಾನಿ ಅಚ್ಚು ಹಾಕಿದ ಹಾಗೆ ಒಬ್ಬರಿಂದ ಒಬ್ಬರಿಗೆ ಬಂದದ್ದೇನೂ ಅಲ್ಲ.

ಶೇಷಣ್ಣನವರ ಶಿಷ್ಯರಾದ ವೆಂಕಟಗಿರಿಯಪ್ಪನವರು (1887–1952) ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ವಾದ್ಯವೃಂದದೊಡನೆ ಕೆಲಸ ಮಾಡಿದರು. ನಾಲ್ವಡಿಯವರ ಇಚ್ಛೆಯಂತೆ ‘ನಗ್ಮಾ’ ಎಂಬ ವಾದ್ಯರಚನೆಗಳನ್ನು ಮಾಡಿದರು. ಗುರುವಿನಿಂದ ಪಡೆದ ಕೈ ಒಂದು. ಆ ಕೈಗೆ ಅರಮನೆ ಕೊಟ್ಟ ಹೊಸ ಕೆಲಸ ಇನ್ನೊಂದು. ಹಲವು ವಾದ್ಯಗಳು ಒಟ್ಟಿಗೆ ನುಡಿಯುವಾಗ ಏನು ಚೆನ್ನಾಗಿ ಕೇಳುತ್ತದೆ ಎಂದು ಯೋಚಿಸಬೇಕಾಗಿ ಬಂದದ್ದರಿಂದ ಅವರೊಳಗಿನ ರಚನಕಾರ ಹೊರಬಂದ.

ವೆಂಕಟಗಿರಿಯಪ್ಪನವರ ಶಿಷ್ಯ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997). ಹುಡುಗನಾಗಿದ್ದಾಗಲೇ ಅರಮನೆಯಲ್ಲಿ ನುಡಿಸಿದವರು, ಮಹಾರಾಜ ಕಾಲೇಜಿನಲ್ಲಿ ಓದಿ ಪದವಿ ಪಡೆದವರು, ಆಮೇಲೆ ಆಕಾಶವಾಣಿಯ ಬೆಂಗಳೂರು ಕೇಂದ್ರದಲ್ಲಿ ದೀರ್ಘಕಾಲ ಸಂಗೀತ ನಿರ್ಮಾಪಕರಾಗಿದ್ದವರು. ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ಕ್ಕೆ ರಾಗ ಹಾಕಿದರು. ಅವರ ವೀಣೆಯಲ್ಲಿ ಅಬ್ಬರವಿಲ್ಲ. ಕಡಿಮೆ ಮೀಟಿ ಹೆಚ್ಚು ಹೇಳುವ ಸಂಯಮ ಅದು. ಆಕಾಶವಾಣಿಯ ಮೈಕಿನ ಮುಂದೆ ದಿನನಿತ್ಯ ಕೂತ ಕಲಾವಿದನಿಗೆ ಮೆಲ್ಲನೆ ಮೀಟಿದರೂ ಮನೆಮನೆಗೆ ತಲುಪುತ್ತದೆ ಎಂಬ ಧೈರ್ಯ ಬಂದಿರಬೇಕು ಎಂದು ನಾನು ಊಹಿಸುತ್ತೇನೆ. 1984ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಸಂದಿತು.

ಮೂರು ತಲೆಮಾರು, ಒಂದೇ ಪರಂಪರೆ. ದರ್ಬಾರು, ವಾದ್ಯವೃಂದ, ಆಕಾಶವಾಣಿ ಎಂದು ಮೂವರ ಎದುರಿಗಿದ್ದ ಕೇಳುಗರು ಬೇರೆಯಾದರು. ನಾನು ಹೊಸ ಶೈಲಿ ಮಾಡುತ್ತೇನೆ ಎಂದು ಹೊರಟದ್ದರಿಂದ ಅವರಲ್ಲಿ ಬದಲಾವಣೆ ಬಂದಂತೆ ಕಾಣುವುದಿಲ್ಲ. ಕಲಿತದ್ದನ್ನು ಹೊಸ ಸಂದರ್ಭಕ್ಕೆ ಒಪ್ಪಿಸುವ ಕೆಲಸ ಮೈಮೇಲೆ ಬಿತ್ತು, ದನಿ ತಾನಾಗಿ ಬೇರೆಯಾಯಿತು.

ವೀಣೆಯ ಹುಚ್ಚು

ಶೇಷಣ್ಣನವರ ಶಿಷ್ಯರಲ್ಲಿ ವಿಶಿಷ್ಟರಾದವರು ಚಿತ್ರಕಲಾವಿದ ಕೆ. ವೆಂಕಟಪ್ಪ (1886–1965). ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಹೆಸರು ಮಾಡಿದ್ದ ಅವರು ಮೈಸೂರಿಗೆ ಮರಳಿದ ಮೇಲೆ ವೀಣೆಗೆ ಮನಸೋತು ಶಿಷ್ಯವೃತ್ತಿಗೆ ಕೂತರು. ಆ ಸೆಳೆತ ಎಷ್ಟಿತ್ತೆಂದರೆ 1926ರಲ್ಲಿ ‘ಮ್ಯಾಡ್ ಆಫ್ಟರ್ ವೀಣಾ’ ಎಂಬ ಹೆಸರಿನಲ್ಲಿ ಅದನ್ನೇ ಚಿತ್ರವಾಗಿಸಿದರು. ಕೈಯಲ್ಲಿ ಸಿದ್ಧಿಸಿದ್ದ ಒಂದು ಕಲೆ ಇರುವಾಗ ಇನ್ನೊಂದಕ್ಕೆ ಎಳವೆಯ ವಿದ್ಯಾರ್ಥಿಯಂತೆ ಶರಣಾಗುವುದು ಸುಲಭದ ಮಾತಲ್ಲ. ಮೂವತ್ತು ದಾಟಿದ ಮೇಲೆ ವೀಣೆ ಹಿಡಿಯಲು ಹಿಂಜರಿಯುವ ಎಷ್ಟೋ ಜನರಿಗೆ ವೆಂಕಟಪ್ಪನವರ ಕಥೆ ತಿಳಿದಿರಬೇಕು ಎನಿಸುತ್ತದೆ. ಕಛೇರಿಯ ಗುರಿ ಇಲ್ಲದೆಯೂ, ನಾದದ ಆಸೆಯೊಂದರಿಂದಲೇ ಒಬ್ಬ ವಯಸ್ಕ ವರ್ಷಗಟ್ಟಲೆ ಕಲಿಯಬಲ್ಲ.

ಚೌಡಯ್ಯನವರ ಮೂರು ಹೆಚ್ಚಿನ ತಂತಿ

ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967) 1910ರಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. 1918ರವರೆಗೂ ಕಟ್ಟುನಿಟ್ಟಿನ ಅಭ್ಯಾಸ ನಡೆಯಿತು. ಕೃಷ್ಣಪ್ಪನವರು ಪ್ರಸಿದ್ಧರಾದದ್ದು ಹಾಡುಗಾರರಾಗಿ. ಗಾಯಕನ ಕೈಕೆಳಗೆ ಪಳಗಿದ ಪಿಟೀಲುಗಾರನಿಗೆ ಸಾಹಿತ್ಯದ ಉಸಿರು, ಒಂದು ಸಾಲು ಎಲ್ಲಿ ಮುಗಿದು ಎಲ್ಲಿ ಏಳುತ್ತದೆ ಎಂಬ ಅರಿವು ಮೊದಲೇ ಮೈಗೂಡುತ್ತದೆ. ಚೆಂಬೈ ವೈದ್ಯನಾಥ ಭಾಗವತರಂಥ ಗಟ್ಟಿ ಕಂಠದ ಗಾಯಕರಿಗೆ ಚೌಡಯ್ಯನವರು ನುಡಿಸಿದ ಪಕ್ಕವಾದ್ಯ ಹಳೆಯ ರಸಿಕರ ಬಾಯಲ್ಲಿ ಇನ್ನೂ ಉಳಿದಿದೆ.

ಅವರ ಹೆಸರಿನೊಂದಿಗೆ ಸೇರಿಹೋಗಿರುವುದು ಏಳು ತಂತಿಯ ಪಿಟೀಲು. ಮೈಕು ಇಲ್ಲದ ದಿನಗಳು ಅವು. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರನ್ನು ಸೇರಿಸಿ ನಾದವನ್ನು ತುಂಬಿಸಿಕೊಂಡರು. ಒಂದು ಸೀದಾ ಸಾದಾ ಅಡಚಣೆಗೆ ಕಂಡುಕೊಂಡ ಉಪಾಯ ಅವರ ಗುರುತೇ ಆಗಿ ನಿಂತಿತು. ಒಂದೇ ಬೆರಳಲ್ಲಿ ಜೋಡಿ ತಂತಿ ಒತ್ತಿ, ಎರಡೂ ಒಂದೇ ಶ್ರುತಿಯಲ್ಲಿ ನುಡಿಯುವಂತೆ ನೋಡಿಕೊಳ್ಳುವುದು ಎಷ್ಟು ಕಷ್ಟ ಎಂದು ಪಿಟೀಲು ಹಿಡಿದವರಿಗೆ ಗೊತ್ತು. ಆ ಕಷ್ಟಕ್ಕೆ ಪ್ರತಿಫಲವಾಗಿ ಬಂದ ತುಂಬು ನಾದ ಅವರಿಗೆ ಮಾತ್ರ ಸೇರಿದ್ದಾಯಿತು.

ಚೌಡಯ್ಯನವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ನಡೆಸಿದರು, ‘ತ್ರಿಮಕುಟ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು, ‘ವಾಣಿ’ (1943) ಚಲನಚಿತ್ರದ ಸಾಹಸಕ್ಕೂ ಇಳಿದರು. 1957ರಲ್ಲಿ ಸಂಗೀತ ಕಲಾನಿಧಿಯಾದರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಭವನ ಪಿಟೀಲಿನ ಆಕಾರದಲ್ಲೇ ಇದೆ. ಏಳು ತಂತಿಯ ಪಿಟೀಲನ್ನು ಅವರ ನಂತರವೂ ಮುಂದುವರಿಸಿದವರು ರುದ್ರಪಟ್ಟಣದ ಆರ್.ಆರ್. ಕೇಶವಮೂರ್ತಿ. ಅವರೂ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಬೆಂಗಳೂರಿನಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಲಂಡನ್ನಿನಲ್ಲಿ ನೆಲೆಸಿ ಪಾಶ್ಚಾತ್ಯ ಸಂಗೀತಗಾರರ ಜೊತೆಗೂ ನುಡಿಸುವ ಜ್ಯೋತ್ಸ್ನಾ ಶ್ರೀಕಾಂತ್ ಕೇಶವಮೂರ್ತಿಯವರ ಶಿಷ್ಯೆ. ಆ ಶಿಷ್ಯೆಯ ಸಂಗೀತ ಗುರುವಿನ ಸಂಗೀತದ ಹಾಗೆ ಕೇಳುವುದಿಲ್ಲ. ಆದರೆ ಆ ಕಮಾನಿನ ಹಿಂದಿನ ಶಿಸ್ತು ಗುರುವಿನ ಮನೆಯದೇ.

ರಾಜೀವ ತಾರಾನಾಥ: ಇಂಗ್ಲಿಷ್ ಪಾಠದಿಂದ ಸರೋದ್‌ಗೆ

ಈ ವಿಷಯಕ್ಕೆ ನಮ್ಮ ಕಾಲದ ಅತ್ಯುತ್ತಮ ನಿದರ್ಶನ ಯಾರೆಂದು ಕೇಳಿದರೆ ನಾನು ಪಂಡಿತ್ ರಾಜೀವ ತಾರಾನಾಥರ (1932–2024) ಹೆಸರು ಹೇಳುತ್ತೇನೆ. ತುಂಗಭದ್ರೆಯ ತೀರದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ ಪಂಡಿತ ತಾರಾನಾಥರ ಮಗ. ಮೊದಲ ಸಂಗೀತಪಾಠ ತಂದೆಯಿಂದಲೇ. ಎಳವೆಯಲ್ಲಿ ಹಾಡುಗಾರ. ಇಂಗ್ಲಿಷ್ ಸಾಹಿತ್ಯ ಓದಿ, ಟಿ.ಎಸ್. ಎಲಿಯಟ್‌ನ ಕಾವ್ಯದ ಮೇಲೆ ಸಂಶೋಧನೆ ಮಾಡಿ, ಅಧ್ಯಾಪಕರಾಗಿ, ವಿಮರ್ಶಕರಾಗಿ ನೆಲೆ ಕಂಡುಕೊಂಡವರು. ಅಲಿ ಅಕ್ಬರ್ ಖಾನರ ಸರೋದ್ ಕೇಳಿದ ಮೇಲೆ ಬದುಕು ತಿರುಗಿತು. 1950ರ ದಶಕದಲ್ಲಿ ಕಲ್ಕತ್ತೆಗೆ ಹೋಗಿ ಅವರ ಶಿಷ್ಯರಾದರು. ಆ ಶಿಷ್ಯತ್ವ 2009ರಲ್ಲಿ ಖಾನರು ತೀರಿಕೊಳ್ಳುವವರೆಗೂ ಮುಂದುವರಿಯಿತು. ಅನ್ನಪೂರ್ಣಾದೇವಿಯವರ, ರವಿಶಂಕರರ ಮಾರ್ಗದರ್ಶನವೂ ದೊರೆಯಿತು.

ಕಂಠದಲ್ಲಿ ರಾಗ ಇದ್ದವರು ತಂತಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಅವರ ಆಲಾಪದಲ್ಲಿ ಕೇಳಬಹುದು. ಒಂದು ಸ್ವರವನ್ನು ಹಿಡಿದು, ಅದರ ಸುತ್ತ ಸುಳಿದು, ಮತ್ತೆ ಅಲ್ಲಿಗೇ ಬರುವ ಆ ನಡೆಯಲ್ಲಿ ಅವಸರವಿಲ್ಲ. ಸಾಹಿತ್ಯದ ಓದು ಅವರ ಸಂಗೀತಕ್ಕೆ ಅಡ್ಡಿಯಾಗಲಿಲ್ಲ. ‘ಸಂಸ್ಕಾರ’ (1970) ಚಿತ್ರಕ್ಕೆ ಅವರು ಕೊಟ್ಟ ಸಂಗೀತವನ್ನು ಕೇಳಿದವರಿಗೆ ಇದು ಗೊತ್ತು. ಕಥೆ ಹೇಳುವಲ್ಲಿ ಎಷ್ಟು ಸುಮ್ಮನಿರಬೇಕು ಎಂದು ತಿಳಿದವರ ಕೆಲಸ ಅದು.

ಅವರ ಗುರುಮನೆಯನ್ನೇ ನೋಡಿ. ಮೈಹರ್‌ನ ಅಲ್ಲಾವುದ್ದೀನ್ ಖಾನರು ಕಠಿಣ ಶಿಸ್ತಿನ ಗುರುವೆಂದು ಹೆಸರಾದವರು. ಅವರ ಕೈಯಲ್ಲಿ ತಯಾರಾದವರು ಮಗ ಅಲಿ ಅಕ್ಬರ್, ಮಗಳು ಅನ್ನಪೂರ್ಣಾದೇವಿ, ರವಿಶಂಕರ್, ನಿಖಿಲ್ ಬ್ಯಾನರ್ಜಿ, ಕೊಳಲಿನ ಪನ್ನಾಲಾಲ್ ಘೋಷ್. ರವಿಶಂಕರ್ ಮತ್ತು ನಿಖಿಲ್ ಬ್ಯಾನರ್ಜಿ ಇಬ್ಬರದೂ ಸಿತಾರ್, ಇಬ್ಬರಿಗೂ ಒಂದೇ ಮನೆಯ ಪಾಠ. ಹತ್ತು ನಿಮಿಷ ಕೇಳಿದರೆ ಸಾಕು, ಯಾರದು ಯಾವುದೆಂದು ಹೊಸ ಕೇಳುಗನೂ ಗುರುತಿಸುತ್ತಾನೆ. ಕಠಿಣ ಶಿಸ್ತು ಸ್ವಂತಿಕೆಯನ್ನು ಕೊಲ್ಲುತ್ತದೆ ಎನ್ನುವವರಿಗೆ ಮೈಹರ್ ಉತ್ತರ ಕೊಡುತ್ತದೆ. ಕೊಲ್ಲುವುದು ನಕಲು ಮಾಡಿಸುವ ಪಾಠ. ವಾದ್ಯದ ಮೇಲೆ ಹಿಡಿತ ಕೊಟ್ಟು, ಕಿವಿಯನ್ನು ಚುರುಕು ಮಾಡುವ ಪಾಠ ಎಷ್ಟು ಕಟ್ಟುನಿಟ್ಟಾಗಿದ್ದರೂ ಶಿಷ್ಯನನ್ನು ಬಿಡುಗಡೆ ಮಾಡುತ್ತದೆ.

ರಾಜೀವ ತಾರಾನಾಥರು ಇದನ್ನು ಬಾಯಿಮಾತಿನಲ್ಲಿ ಬಿಡಲಿಲ್ಲ. 1989ರಿಂದ 1992ರವರೆಗೆ ಫೋರ್ಡ್ ಫೌಂಡೇಶನ್ ನೆರವಿನಲ್ಲಿ ಮೈಹರ್ ಪರಂಪರೆಯ ಬೋಧನಾಕ್ರಮವನ್ನೇ ಅಧ್ಯಯನ ಮಾಡಿದರು. ಆಮೇಲೆ 1995ರಿಂದ 2005ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಭಾರತೀಯ ಸಂಗೀತ ಕಲಿಸಿದರು. ಕೊನೆಯ ವರ್ಷಗಳನ್ನು ಮೈಸೂರಿನಲ್ಲಿ ಶಿಷ್ಯರ ನಡುವೆ ಕಳೆದರು. ತೊಂಬತ್ತರ ಅಂಚಿನಲ್ಲೂ ಅವರಿಗೆ ಪಾಠ ಮುಗಿದಿರಲಿಲ್ಲ.

ಗುರುವೇ ಇಲ್ಲದೆ ದನಿ ಕಂಡುಕೊಂಡವರು ಇಲ್ಲವೇ? ಇದ್ದಾರೆ. ಎಸ್. ಬಾಲಚಂದರ್ (1927–1990) ವೀಣೆಯನ್ನು ತಾವೇ ಕಲಿತವರು. ಒಂದೇ ಮೆಟ್ಟಿಲಲ್ಲಿ ತಂತಿಯನ್ನು ಎಳೆದೆಳೆದು ಅವರು ಬರಿಸುತ್ತಿದ್ದ ಗಮಕಕ್ಕೆ ಸಾಟಿ ಕಡಿಮೆ. ಆದರೆ ಅವರಿಗೂ ಸುತ್ತ ಸಂಗೀತ ತುಂಬಿದ್ದ ಮನೆ ಇತ್ತು, ಹುಡುಗನಾಗಿದ್ದಾಗಲೇ ಸಿತಾರ್ ನುಡಿಸಿ ಪಳಗಿದ ಕೈ ಇತ್ತು. ಎಲ್ಲರಿಗೂ ಆ ದಾರಿ ತೋರಿಸುವುದು ನ್ಯಾಯವಲ್ಲ.

ಸಾಧನೆಯ ಗಂಟೆಗಳ ಲೆಕ್ಕ

‘ಹತ್ತು ಸಾವಿರ ಗಂಟೆ’ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅದರ ಮೂಲ ಪಿಟೀಲುಗಾರರ ಮೇಲಿನ ಒಂದು ಅಧ್ಯಯನ. 1993ರಲ್ಲಿ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ಅಕಾಡೆಮಿಯ ವಿದ್ಯಾರ್ಥಿಗಳನ್ನು ಹತ್ತು ಹತ್ತು ಜನರ ಗುಂಪುಗಳಾಗಿ ನೋಡಿ ಪ್ರಕಟಿಸಿದ ಬರಹ ಅದು. ಅತ್ಯುತ್ತಮರೆಂದು ಅಧ್ಯಾಪಕರು ಗುರುತಿಸಿದ ಗುಂಪಿನವರು 20ನೆಯ ವಯಸ್ಸಿಗೆ ಸರಾಸರಿ ಹತ್ತು ಸಾವಿರ ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು. ಸರಾಸರಿ ಎಂಬುದನ್ನು ಜನ ಮರೆತು ಗುರಿಯಾಗಿ ಮಾಡಿಕೊಂಡರು. 2019ರಲ್ಲಿ ಬೇರೆ ಸಂಶೋಧಕರು ಅದೇ ಮಾದರಿಯಲ್ಲಿ ಮತ್ತೆ ನೋಡಿದಾಗ, ಉತ್ತಮರಿಗೂ ಅತ್ಯುತ್ತಮರಿಗೂ ಗಂಟೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಆ ಮೊದಲ ಅಧ್ಯಯನದಲ್ಲಿ ಹೆಚ್ಚು ಬೆಲೆಬಾಳುವ ಸಂಗತಿಗಳು ಬೇರೆ ಇವೆ. ಚೆನ್ನಾಗಿ ನುಡಿಸುವವರು ಅಭ್ಯಾಸವನ್ನು ಬಿಡಿ ಬಿಡಿ ಅವಧಿಗಳಾಗಿ ಮಾಡುತ್ತಿದ್ದರು, ನಡುವೆ ವಿಶ್ರಾಂತಿ ಪಡೆಯುತ್ತಿದ್ದರು, ಮಧ್ಯಾಹ್ನ ಒಂದಿಷ್ಟು ಮಲಗುತ್ತಿದ್ದರು. ಒಂಟಿಯಾಗಿ ಮಾಡುವ ಅಭ್ಯಾಸವೇ ಎಲ್ಲಕ್ಕಿಂತ ಮುಖ್ಯ ಎಂದು ಹೇಳಿದರು. ಅದು ಸಂತೋಷದ ಕೆಲಸವೆಂದು ಮಾತ್ರ ಹೆಚ್ಚಿನ ಅಂಕ ಕೊಡಲಿಲ್ಲ. ಸಾಧನೆ ಎಂದರೆ ಸದಾ ಆನಂದ ಎಂದು ಮಕ್ಕಳಿಗೆ ಹೇಳುವವರು ಇದನ್ನು ಗಮನಿಸಬೇಕು. ಸಾಧನೆ ಅನೇಕ ದಿನ ಬೇಸರವೇ. ಬೇಸರ ಬಂದಿತೆಂದರೆ ತನ್ನಲ್ಲಿ ಆಸಕ್ತಿ ಸತ್ತಿತು ಎಂದು ಮಗು ತಿಳಿದರೆ ಅಲ್ಲಿಗೆ ವೀಣೆ ಮೂಲೆ ಸೇರುತ್ತದೆ.

ಆ ಅಧ್ಯಯನದ ಮೂರನೆಯ ಗುಂಪಿಗೆ ‘ಸಂಗೀತ ಶಿಕ್ಷಕರು’ ಎಂದೇ ಹೆಸರು. ಶಿಕ್ಷಕರಾಗಲು ಓದುತ್ತಿದ್ದ ಅವರ ಅಭ್ಯಾಸದ ಗಂಟೆ ಎಲ್ಲರಿಗಿಂತ ಕಡಿಮೆ. ನುಡಿಸುವವರು ಬೇರೆ, ಕಲಿಸುವವರು ಬೇರೆ ಎಂಬ ಆ ವಿಂಗಡಣೆ ನಮ್ಮ ಪರಂಪರೆಗೆ ಹೊಂದುವುದಿಲ್ಲ. ಶೇಷಣ್ಣ, ವೆಂಕಟಗಿರಿಯಪ್ಪ, ಚೌಡಯ್ಯ, ಕೇಶವಮೂರ್ತಿ ಇವರೆಲ್ಲ ತಮ್ಮ ಕಾಲದ ಶ್ರೇಷ್ಠ ವಾದಕರೂ ಹೌದು, ಶ್ರೇಷ್ಠ ಗುರುಗಳೂ ಹೌದು. ಅದನ್ನು ಉಳಿಸಿಕೊಳ್ಳುವುದು ನಮಗೆ ಹಿತ.

ಬಿಟ್ಟುಹೋಗುವ ಘಟ್ಟಗಳು

ಕಲಿ‍ಯುವವರು ವಾದ್ಯ ಬಿಡುವ ಹೊತ್ತು ಸಾಮಾನ್ಯವಾಗಿ ಇಂಥದ್ದೇ. ಮೊದಲನೆಯದು ಜಂಟಿ ವರಸೆಯ ಕಾಲ: ಹೊಸತನ ಹೋಗಿದೆ, ಹಾಡು ಇನ್ನೂ ಬಂದಿಲ್ಲ. ಎರಡನೆಯದು ಜೂನಿಯರ್ ಪರೀಕ್ಷೆ ಮುಗಿದ ಮರುದಿನ. ಮೂರನೆಯದು ಎಸ್ಸೆಸ್ಸೆಲ್ಸಿ, ಪಿಯುಸಿ ವರ್ಷಗಳು. ಈ ಮೂರನೆಯದಕ್ಕೆ ಸಂಗೀತದ ಗುರು ಒಬ್ಬರೇ ಏನೂ ಮಾಡಲಾರರು.

ಎರಡನೆಯ ಘಟ್ಟಕ್ಕೆ ಪರೀಕ್ಷೆಯನ್ನು ಹಳಿಯುವುದು ಸುಲಭ. ಆದರೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳು ಕರ್ನಾಟಕದ ಸಣ್ಣ ಊರುಗಳಲ್ಲೂ ಶಾಸ್ತ್ರೀಯ ಸಂಗೀತದ ಪಾಠ ನಿಲ್ಲದಂತೆ ನೋಡಿಕೊಂಡಿವೆ. ತೊಂದರೆ ಇರುವುದು ಇಡೀ ವರ್ಷ ಪಠ್ಯದ ಪಟ್ಟಿಯನ್ನೇ ತಿರುವುವುದರಲ್ಲಿ. ಗೀತೆ ಕಲಿತ ಮಗುವಿಗೆ, ಅದೇ ರಾಗದಲ್ಲಿ ಇಷ್ಟ ಬಂದ ನಾಲ್ಕು ಸ್ವರ ಹೆಣೆದು ನುಡಿಸು ಎಂದು ಹೇಳಿ ನೋಡಿ. ಮೋಹನವೋ ಹಂಸಧ್ವನಿಯೋ ಆಗಿದ್ದರೆ ಇನ್ನೂ ಸುಲಭ, ಐದೇ ಸ್ವರ. ಮೊದಲು ಮಗು ನಾಚುತ್ತದೆ, ಕೈ ತಡವರಿಸುತ್ತದೆ. ಆಮೇಲೆ ಒಂದು ಸುತ್ತು ಸರಿಯಾಗಿ ತಾಳಕ್ಕೆ ಬಂದು ಕೂತಾಗ ಅದರ ಮುಖ ಬದಲಾಗುವುದನ್ನು ಯಾವ ಶಿಕ್ಷಕರೂ ಮರೆಯಲಾರರು. ಮನೋಧರ್ಮವನ್ನು ವಿದ್ವತ್ ಹಂತಕ್ಕೆ ಎತ್ತಿಡುವ ರೂಢಿ ಬಹಳ ಮಕ್ಕಳಿಂದ ಈ ಸುಖವನ್ನು ಕಿತ್ತುಕೊಂಡಿದೆ ಎಂಬುದು ನನ್ನ ಬಲವಾದ ಅಭಿಪ್ರಾಯ.

ವಾದ್ಯ ಸುಸ್ಥಿತಿಯಲ್ಲಿರುವುದೂ ಹುರುಪಿನ ಮಾತೇ. ಬಿಸಿಲಿಗೆ ಮೇಣ ಮೆತ್ತಗಾಗಿ ವೀಣೆಯ ಮೆಟ್ಟಿಲು ಸರಿದಿದ್ದರೆ, ಪಿಟೀಲಿನ ಕಮಾನಿಗೆ ರಾಳ ಸಾಲದಿದ್ದರೆ ಮಗು ಎಷ್ಟು ಪ್ರಯತ್ನಪಟ್ಟರೂ ಅಪಸ್ವರವೇ ಬರುತ್ತದೆ. ತಪ್ಪು ತನ್ನದೆಂದು ಅದು ನಂಬುತ್ತದೆ.

ಪಾಠ ಹೇಳುವವರ ಬೇಸರ

ಇಪ್ಪತ್ತು ವರ್ಷ ಅದೇ ಮಾಯಾಮಾಳವಗೌಳ, ಅದೇ ‘ಸರಿಗಮ’. ಈ ಬೇಸರ ಸಹಜ, ಅದನ್ನು ಹೇಳಿಕೊಳ್ಳಲು ನಾಚಬೇಕಿಲ್ಲ. ತನ್ನ ಸಾಧನೆಗೆ ಇದ್ದ ಬೆಳಗಿನ ಹೊತ್ತನ್ನೂ ಟ್ಯೂಷನ್ ನುಂಗಿಹಾಕಿದಾಗ ಶಿಕ್ಷಕರೊಳಗಿನ ಕಲಾವಿದ ಬಡವಾಗುತ್ತಾನೆ. ಕೆಲವೇ ವರ್ಷಗಳಲ್ಲಿ ಅದು ಮಕ್ಕಳ ಕಿವಿಗೂ ತಿಳಿಯುತ್ತದೆ.

ಇದರಿಂದ ಹೊರಬಂದವರು ಹಿಡಿದ ದಾರಿಗಳು ಚರಿತ್ರೆಯಲ್ಲೇ ಇವೆ. ಶೇಷಣ್ಣನವರ ಸ್ವರಜತಿ, ವೆಂಕಟಗಿರಿಯಪ್ಪನವರ ನಗ್ಮಾ, ಚೌಡಯ್ಯನವರ ಕೃತಿಗಳು, ದೊರೆಸ್ವಾಮಿ ಅಯ್ಯಂಗಾರರ ರೇಡಿಯೋ ಸಂಗೀತ: ಎಲ್ಲರೂ ಏನಾದರೂ ರಚಿಸುತ್ತಿದ್ದರು. ದೊಡ್ಡ ಕೃತಿಯೇ ಆಗಬೇಕೆಂದಿಲ್ಲ. ಒಬ್ಬ ವಿದ್ಯಾರ್ಥಿಯ ಎಡಗೈಗೆ ಹೊಂದುವ ಎಂಟು ಆವರ್ತದ ಚಿಟ್ಟೆಸ್ವರ ಬರೆದುಕೊಡುವುದೂ ರಚನೆಯೇ. ಆ ವಿದ್ಯಾರ್ಥಿಯ ಕೈಯ ಗುಣ ಏನು, ಯಾವ ಬೆರಳು ಸೋಮಾರಿ, ಯಾವ ರಾಗಕ್ಕೆ ಮನಸ್ಸು ಅರಳುತ್ತದೆ ಎಂದು ಯೋಚಿಸಿದ ಕೂಡಲೇ ಶಿಕ್ಷಕರ ಕಿವಿ ಎಚ್ಚರಗೊಳ್ಳುತ್ತದೆ.

ಇನ್ನೊಂದು ದಾರಿ, ಬಾಯಲ್ಲಿ ಹೇಳುವುದನ್ನು ಕಡಿಮೆ ಮಾಡಿ ವಾದ್ಯ ಹಿಡಿದು ಜೊತೆಗೆ ನುಡಿಸುವುದು. ಹೀಗೆ ಕಲಿಸುವಾಗ ಗುರು ತಾನು ಏನು ಮಾಡುತ್ತಿದ್ದೇನೆ ಎಂದು ಸ್ವತಃ ನೋಡಬೇಕಾಗುತ್ತದೆ. ಮಧ್ಯಮದಿಂದ ಗಾಂಧಾರಕ್ಕೆ ಈ ಜಾರು ಹೇಗೆ ಬಂತು ಎಂದು ಶಿಷ್ಯೆ ಕೇಳಿದಳು ಎನ್ನಿ. ನಲವತ್ತು ವರ್ಷದಿಂದ ಕೈ ತಾನಾಗಿ ಮಾಡುತ್ತಿದ್ದುದನ್ನು ಬಿಡಿಸಿ ತೋರಿಸಬೇಕು: ಬೆರಳು ಎಲ್ಲಿ ಹೊರಟಿತು, ಒತ್ತಡ ಎಲ್ಲಿ ಸಡಿಲವಾಯಿತು, ಮೀಟು ಮೊದಲೋ ಎಳೆತ ಮೊದಲೋ. ಹಾಗೆ ಬಿಡಿಸಿದಾಗಲೇ ಎಷ್ಟೋ ವಾದಕರಿಗೆ ತಮ್ಮ ಶೈಲಿ ಯಾವುದೆಂದು ಮೊದಲ ಬಾರಿಗೆ ಗೊತ್ತಾಗುವುದು. ಆ ಮೇಲೆ ಅದನ್ನು ಬೇಕೆಂದೇ ಬೆಳೆಸಬಹುದು, ಬೇಡವಾದರೆ ತಿದ್ದಬಹುದು.

ಪರದೆಯಾಚೆಯ ಪಾಠ

ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಈಗ ಮುಂಜಾನೆಯ ಪಾಠ ಅಮೆರಿಕದ ಕನ್ನಡ ಮಕ್ಕಳಿಗೆ. ಅಂತರ್ಜಾಲದಲ್ಲಿ ದನಿ ತಲುಪಲು ಕ್ಷಣದ ಒಂದು ಪಾಲು ತಡವಾಗುತ್ತದೆ. ಮಾತಿಗೆ ಅದು ಏನೂ ಅಲ್ಲ, ತಾಳಕ್ಕೆ ಅದೇ ದೊಡ್ಡ ಅಂತರ. ಹಾಗಾಗಿ ಗುರು-ಶಿಷ್ಯರು ಒಟ್ಟಿಗೆ ನುಡಿಸುವುದು ಅಲ್ಲಿ ಸಾಧ್ಯವಿಲ್ಲ. ತಂತಿವಾದ್ಯದ ಪಾಠದ ಜೀವನಾಡಿಯೇ ಅದಾದ್ದರಿಂದ ಇದು ಸಣ್ಣ ನಷ್ಟವಲ್ಲ.

ಇನ್ನೂ ಸೂಕ್ಷ್ಮವಾದ ತೊಂದರೆ ಬೇರೆ ಇದೆ. ಮಾತಿಗೆಂದು ರೂಪಿಸಿದ ವಿಡಿಯೊ ಕರೆಯ ಆ್ಯಪ್‌ಗಳು ಹಿನ್ನೆಲೆಯ ಸದ್ದನ್ನು ಅಳಿಸಿಹಾಕುತ್ತವೆ. ತಂಬೂರಿಯ ಶ್ರುತಿಯೂ, ವೀಣೆಯ ಮೀಟಿನ ಬಾಲದಂತೆ ಉಳಿಯುವ ಕ್ಷೀಣ ನಾದವೂ ಅವುಗಳಿಗೆ ಗದ್ದಲವೇ. ಗಮಕ ಬದುಕಿರುವುದು ಆ ಬಾಲದಲ್ಲಿ! ಮಗು ಸರಿಯಾಗಿ ತೂಗಿದರೂ ಗುರುವಿಗೆ ಕೇಳುವುದು ಮೊಂಡು ಸ್ವರ. ಜೂಮ್‌ನಂಥ ಆ್ಯಪ್‌ಗಳಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯನ್ನು ಎರಡೂ ಕಡೆ ಹಾಕಿಕೊಂಡರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಪಾಠ ಶುರುವಾಗುವ ಮೊದಲು ಅದನ್ನು ನೋಡಿಕೊಳ್ಳುವುದು ಶ್ರುತಿ ಕೂಡಿಸುವಷ್ಟೇ ಅಗತ್ಯ.

ಅನುಕೂಲವೂ ಇದೆ. ಜೊತೆಗೆ ನುಡಿಸಲಾಗದ್ದರಿಂದ ಶಿಷ್ಯರು ತಮ್ಮ ಅಭ್ಯಾಸವನ್ನು ಫೋನಿನಲ್ಲಿ ಹಿಡಿದು ಕಳಿಸುತ್ತಾರೆ. ಕಳಿಸುವ ಮೊದಲು ತಾವೇ ಒಮ್ಮೆ ಕೇಳುತ್ತಾರೆ, ಒಪ್ಪದಿದ್ದರೆ ಅಳಿಸಿ ಮತ್ತೆ ನುಡಿಸುತ್ತಾರೆ. ಎದುರಿಗೆ ಕೂತು ಕಲಿಯುವ ಮಕ್ಕಳಿಗೂ ಇದನ್ನು ರೂಢಿ ಮಾಡಿಸಿದ ಶಿಕ್ಷಕರಿದ್ದಾರೆ: ವಾರಕ್ಕೆ ಒಂದು ಧ್ವನಿಮುದ್ರಣ, ಅದರ ಜೊತೆ ತನಗೆ ಎಲ್ಲಿ ಹಿಡಿಸಿತು, ಎಲ್ಲಿ ಹಿಡಿಸಲಿಲ್ಲ ಎಂದು ಎರಡು ಸಾಲು. ಗುರು ತಿದ್ದುವ ಕೆಲಸ ಆ ಎರಡು ಸಾಲಿನಿಂದ ಶುರುವಾಗುತ್ತದೆ.